ಕಾರಿನ ಜೊತೆ ಕೈ ಬದಲಿಸುವ ಕಾಗದ

1968ರಲ್ಲಿ ಮರ್ಸಿಡಿಸ್-ಬೆಂಜ್ ಕಂಪನಿ 300 ಎಸ್‌ಇಎಲ್ 6.3 ಎಂಬ ಸೆಡಾನನ್ನು ಮಾರುಕಟ್ಟೆಗೆ ತಂದಿತು. ಎರಿಕ್ ವಾಕ್ಸೆನ್‌ಬರ್ಗರ್ ಎಂಬ ಎಂಜಿನಿಯರ್, ಕಂಪನಿಯ ಬೃಹತ್ 600 ಲಿಮೋಸಿನ್‌ಗೆಂದು ಮಾಡಿದ್ದ 6.3 ಲೀಟರಿನ ವಿ8 ಎಂಜಿನ್ನನ್ನು ಅದಕ್ಕಿಂತ ಎಷ್ಟೋ ಚಿಕ್ಕದಾದ ಕುಟುಂಬದ ಕಾರಿನೊಳಗೆ ಕೂರಿಸಿದ್ದರು. ಗಂಟೆಗೆ 220 ಕಿಲೋಮೀಟರ್ ಓಡುವ ಈ ಕಾರನ್ನು ಅದರ ಸಾಧು ಸಹೋದರರಿಂದ ಬೇರೆ ಮಾಡಿ ತೋರಿಸುತ್ತಿದ್ದುದು ಮುಖ್ಯವಾಗಿ ಡಿಕ್ಕಿಯ ಮೇಲಿನ ಒಂದು ಸಣ್ಣ ಅಂಕಿ. 1985ರಲ್ಲಿ ಬಂದ ಬಿಎಂಡಬ್ಲ್ಯು ಕಂಪನಿಯ ಮೊದಲ ಎಂ5 ಇನ್ನೂ ಮೌನಿ. ಎಂ1 ಎಂಬ ಸ್ಪೋರ್ಟ್ಸ್ ಕಾರಿನ ವಂಶದ, 286 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್ ಒಳಗಿದ್ದರೂ, ಮೇಲ್ನೋಟಕ್ಕೆ ಅದು ಕಚೇರಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ 5 ಸರಣಿಯ ಕಾರೇ. 1990ರಲ್ಲಿ ಪ್ರದರ್ಶನಗೊಂಡ ಮರ್ಸಿಡಿಸ್ 500 ಇ ಕಾರಿನ ಜೋಡಣೆಗೆ ಪೋರ್ಷೆ ಕಾರ್ಖಾನೆಯೇ ಬೇಕಾಯಿತು. ಅಷ್ಟಾದರೂ ಹೊರಗೆ ಕಾಣುತ್ತಿದ್ದ ವ್ಯತ್ಯಾಸ ಚಕ್ರಗಳ ಮೇಲೆ ತುಸು ಉಬ್ಬಿದ ಮಡ್‌ಗಾರ್ಡು, ತುಸು ತಗ್ಗಿದ ನಿಲುವು, ಅಷ್ಟೆ. ವೇಗವನ್ನು ಮರೆಮಾಚುವುದು ಈ ಜಾತಿಯ ಕಾರಿನ ಮೊದಲ ಗುಣ. ಬ್ಯಾಂಕಿನ ಮ್ಯಾನೇಜರ್ ಆಗಲಿ, ಕಾರ್ಖಾನೆಯ ಮಾಲೀಕ ಆಗಲಿ, ವೇಗಮಿತಿಯಿಲ್ಲದ ಆಟೋಬಾನ್ ಹೆದ್ದಾರಿಯಲ್ಲಿ ಬೇಕಾದಷ್ಟು ಜೋರಾಗಿ ಹೋಗಿ, ಊರು ತಲುಪಿದ ಮೇಲೆ ಮರ್ಯಾದಸ್ಥ ಗೃಹಸ್ಥನ ಹಾಗೆ ಇಳಿಯಲಿ ಎಂದೇ ಅದನ್ನು ರೂಪಿಸಿದ್ದು.

ಹೊಸ ಕಾರು ಕೊಳ್ಳುವವನಿಗೆ ಈ ಮರೆಮಾಚುವಿಕೆ ಒಂದು ಸೊಗಸು. ಅದೇ ಕಾರು ಎರಡನೆಯ, ಮೂರನೆಯ ಕೈಗೆ ಹೋಗುವಾಗ ಅದೇ ತೊಡಕಾಗುತ್ತದೆ. ಎಂ ಅಕ್ಷರದ ಲಾಂಛನವನ್ನು ಯಾರು ಬೇಕಾದರೂ ಕೊಂಡು ಅಂಟಿಸಬಹುದು. ಉಬ್ಬಿದ ಮಡ್‌ಗಾರ್ಡನ್ನು ಟಿಂಕರಿಂಗ್ ಕೆಲಸದಲ್ಲಿ ಮಾಡಿಸಿಕೊಳ್ಳಬಹುದು. ನಿಜವಾದ ಕಾರೇ ಆದರೂ, ಎಂಜಿನ್ ಕಾದ ಮೇಲೆ ಅದನ್ನು ದುಡಿಸಿದ್ದರೋ, ತಣ್ಣಗಿರುವಾಗಲೇ ಹಿಂಡಿದ್ದರೋ ಎಂಬುದು ಪಾಲಿಶ್ ಮಾಡಿ ನಿಲ್ಲಿಸಿದ ಕಾರಿನ ಮೇಲೆ ಬರೆದಿರುವುದಿಲ್ಲ. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಇದೇ ತೊಡಕಿನ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲ ಹಳೆ ಕಾರುಗಳಿಗೂ ಒಂದೇ ಸರಾಸರಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲು ಒಪ್ಪುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳೇ. ಈ ಲೆಕ್ಕದ ಪ್ರಕಾರ, ಚೆನ್ನಾಗಿ ನೋಡಿಕೊಂಡ ಹಳೆಯ ಎಂ5ಗೆ ತಕ್ಕ ಬೆಲೆ ಸಿಗಲೇಬಾರದಿತ್ತು. ಒಳಗಿನದು ಇಷ್ಟು ಕಾಣದ, ಕೆಟ್ಟರೆ ಇಷ್ಟು ದುಬಾರಿಯಾಗುವ ವಸ್ತು ಹಳೆ ಸಾಮಾನಿನ ವ್ಯಾಪಾರದಲ್ಲಿ ಕಡಿಮೆ. ಆದರೂ ಜರ್ಮನಿಯಲ್ಲಿ ಅದಕ್ಕೊಂದು ಗಟ್ಟಿ ಮಾರುಕಟ್ಟೆ ಬೆಳೆಯಿತು. ಅದಕ್ಕೆ ಕಾರಣ ಕಾರಿಗಿಂತ ಹೆಚ್ಚಾಗಿ ಕಾರಿನ ಜೊತೆ ಬರುವ ಕಾಗದ ಎಂಬುದು ನನ್ನ ವಾದ. ಆ ಕಾಗದದ ಹಿಂದೆ ಒಂದು ಶತಮಾನಕ್ಕೂ ಹೆಚ್ಚಿನ, ಕಾರಿಗಿಂತಲೂ ಹಳೆಯ ಒಂದು ರೂಢಿ ಇದೆ.

ಅದರ ಬೇರು ಇರುವುದು ಉಗಿ ಬಾಯ್ಲರ್‌ಗಳ ಕಾಲದಲ್ಲಿ. 1865ರಲ್ಲಿ ಮ್ಯಾನ್‌ಹೈಮ್ ಪಟ್ಟಣದ ಒಂದು ಬಿಯರ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿಯಿತು. ಮರುವರ್ಷ, 1866ರಲ್ಲಿ, ಆ ಸೀಮೆಯ ಬಾಯ್ಲರ್ ಮಾಲೀಕರು ತಾವೇ ಕೂಡಿ ಒಂದು ಸಂಘ ಕಟ್ಟಿಕೊಂಡರು. ಮಾಲೀಕನೂ ಅಲ್ಲದ, ತಯಾರಕನೂ ಅಲ್ಲದ ಮೂರನೆಯವನೊಬ್ಬ ನಿಯಮಿತವಾಗಿ ಬಂದು ಪರೀಕ್ಷಿಸಬೇಕು, ಕಂಡದ್ದನ್ನು ಬರೆದಿಡಬೇಕು ಎಂಬುದು ಅವರ ಏರ್ಪಾಡು. ಇಂಥ ಸಂಘಗಳೇ ಮುಂದೆ ಬೆಳೆದು ಟ್ಯೂಫ್ ಎಂಬ ಹೆಸರು ಪಡೆದವು, ಬಾಯ್ಲರ್‌ನಿಂದ ಲಿಫ್ಟಿಗೆ, ಅಲ್ಲಿಂದ ಮೋಟಾರು ವಾಹನಕ್ಕೆ ಕೈಚಾಚಿದವು. 1951ರಿಂದ ಪಶ್ಚಿಮ ಜರ್ಮನಿಯಲ್ಲಿ ಕಾರಿನ ಮಾಲೀಕ ನಿಗದಿತ ಅವಧಿಗೊಮ್ಮೆ ತಾನಾಗಿ ಹೋಗಿ ಪರೀಕ್ಷೆ ಮಾಡಿಸಬೇಕೆಂಬ ಕಾನೂನು ಬಂತು. ಹೋಗದೆ ತಪ್ಪಿಸಿಕೊಳ್ಳುವವರು ಹೆಚ್ಚಾದಾಗ, 1961ರಲ್ಲಿ ನಂಬರ್ ಪ್ಲೇಟಿನ ಮೇಲೆಯೇ ಒಂದು ಗುಂಡು ಬಿಲ್ಲೆ ಅಂಟಿಸುವ ಪದ್ಧತಿ ಶುರುವಾಯಿತು. ಈ ಬಿಲ್ಲೆಯನ್ನು ಹತ್ತಿರದಿಂದ ನೋಡಬೇಕು. ವರ್ಷಕ್ಕೊಂದು ಬಣ್ಣ, ಆರು ಬಣ್ಣಗಳ ಸರದಿ. ನಡುವೆ ಇಸವಿಯ ಕೊನೆಯ ಎರಡು ಅಂಕಿ, ಸುತ್ತಲೂ ಒಂದರಿಂದ ಹನ್ನೆರಡರವರೆಗಿನ ತಿಂಗಳುಗಳು. ಯಾವ ಅಂಕಿ ನೆತ್ತಿಗೆ ಬರುವಂತೆ ಅಂಟಿಸಿದ್ದಾರೋ ಆ ತಿಂಗಳಿಗೆ ಮುಂದಿನ ಪರೀಕ್ಷೆಯ ಗಡುವು. ಹಿಂದಿನ ಕಾರಿನಲ್ಲಿ ಬರುವ ಪೊಲೀಸನಿಗೂ, ದಾರಿಹೋಕನಿಗೂ, ನಾಳೆ ಕೊಳ್ಳಲು ಬರುವವನಿಗೂ ಅದು ಒಂದೇ ಸಮನಾಗಿ ಓದಿಸಿಕೊಳ್ಳುತ್ತದೆ. ಹಳೆ ಕಾರಿನ ಜಾಹೀರಾತಿನಲ್ಲಿ ಬೆಲೆಯ ಪಕ್ಕದಲ್ಲೇ ಈ ಗಡುವಿನ ತಿಂಗಳನ್ನೂ ಬರೆಯುವುದು ಅಲ್ಲಿ ವಾಡಿಕೆಯಾಯಿತು. ಬ್ರೇಕು, ತುಕ್ಕು, ಸ್ಟೀರಿಂಗ್, ದೀಪ, ಹೊಗೆ ಇವಿಷ್ಟರ ಬಗ್ಗೆ ಮೂರನೆಯವನೊಬ್ಬ ಆಗಲೇ ಸಾಕ್ಷಿ ಹೇಳಿ ಹೋಗಿದ್ದಾನೆ ಎಂಬ ನೆಲೆಯ ಮೇಲೆ ಚೌಕಾಸಿ ಶುರುವಾಗುತ್ತಿತ್ತು.

ಇದರ ಜೊತೆಗೆ ಇನ್ನೆರಡು ಕಾಗದಗಳು ಸೇರಿಕೊಂಡವು. ವಾಹನದ ಹಕ್ಕುಪತ್ರದಂಥ ಪುಸ್ತಿಕೆ 1934ರಲ್ಲಿ, ನಾತ್ಸಿ ಆಡಳಿತದ ಕಾಲದಲ್ಲಿ, ಜಾರಿಗೆ ಬಂತು. ಕೊಳ್ಳುವವನ ಹಿತ ಅದರ ಮೂಲ ಉದ್ದೇಶವಾಗಿರಲಿಲ್ಲ. ಆದರೂ ಹಿಂದಿನ ಮಾಲೀಕರ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿಡುವ ಅದರ ಪದ್ಧತಿಯಿಂದ, ಕಾರು ಎಷ್ಟು ಕೈ ದಾಟಿದೆ ಎಂಬುದು ಬಚ್ಚಿಡಲಾಗದ ಸಂಗತಿಯಾಯಿತು. ನಮ್ಮಲ್ಲಿ ಸಿಂಗಲ್ ಓನರ್ ಎನ್ನುವ ಮಾತಿಗಿರುವ ಬೆಲೆ ಅಲ್ಲಿ ಆ ಪುಟದಿಂದ ಹುಟ್ಟುತ್ತಿತ್ತು. ಬೆಲೆಯ ವಿಚಾರದಲ್ಲೂ ಹೀಗೆಯೇ. ಹಳೆ ಕಾರುಗಳ ದರವನ್ನು ಗಮನಿಸಲೆಂದೇ 1931ರಲ್ಲಿ ವಾಹನೋದ್ಯಮದವರ ಒಂದು ಟ್ರಸ್ಟ್ ಸಂಸ್ಥೆ ಹುಟ್ಟಿತು. 1957ರಿಂದ ಶ್ವಾಕೆ ಪಟ್ಟಿ ಹೊರಬಂತು. ಮಾಡೆಲ್, ವಯಸ್ಸು, ಓಡಿದ ದೂರಕ್ಕೆ ತಕ್ಕ ದರ ಅದರಲ್ಲಿ ಅಚ್ಚಾಗಿರುತ್ತಿತ್ತು. ವ್ಯಾಪಾರಿ, ವಿಮೆಯವನು, ನ್ಯಾಯಾಲಯ ಮೂವರೂ ಅದನ್ನು ತಿರುವಿ ನೋಡುವಂತಾಯಿತು. ಎಂ5ನಂಥ ವಿರಳ ಕಾರಿಗೆ ಪಟ್ಟಿಯ ದರ ಬರೀ ಆರಂಭದ ಗೆರೆ. ಆ ಗೆರೆಯಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಎಂಬುದನ್ನು ನಿರ್ಧರಿಸುತ್ತಿದ್ದುದು ಮುಂದೆ ಹೇಳುವ ಪುಸ್ತಕ.

ಸರ್ವೀಸ್ ಪುಸ್ತಕ ಅಂಗೈ ಅಗಲದ ಒಂದು ಕಿರುಪುಸ್ತಿಕೆ, ಗ್ಲೋವ್ ಬಾಕ್ಸಿನಲ್ಲಿ ಇರುತ್ತದೆ. 1980-90ರ ದಶಕದ ಬಿಎಂಡಬ್ಲ್ಯು ಪುಸ್ತಿಕೆ ತೆರೆದರೆ ಪುಟದ ತುಂಬ ಚೌಕಗಳು: ಆಯಿಲ್ ಸರ್ವೀಸ್, ಇನ್‌ಸ್ಪೆಕ್ಷನ್ ಒಂದು, ಇನ್‌ಸ್ಪೆಕ್ಷನ್ ಎರಡು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಬ್ರೇಕ್ ಆಯಿಲಿಗೆ ಬೇರೆಯೇ ಚೌಕ. ಪ್ರತಿ ಚೌಕದಲ್ಲೂ ತಾರೀಖು, ಮೀಟರಿನಲ್ಲಿದ್ದ ಕಿಲೋಮೀಟರ್, ಗ್ಯಾರೇಜಿನ ಸೀಲು, ಸಹಿ. ಎಂ ಕಾರುಗಳಿಗೆ ಮೊದಲ 2,000 ಕಿಲೋಮೀಟರ್ ಆಸುಪಾಸಿನಲ್ಲಿ ಒಂದು ವಿಶೇಷ ತಪಾಸಣೆ ಇತ್ತು. ಹೊಸ ಎಂಜಿನ್ ಪಳಗುವಾಗ ಉದುರಿದ ಲೋಹದ ಕಣಗಳನ್ನು ಆಯಿಲಿನ ಜೊತೆಗೆ ಹೊರಹಾಕುವ ಕೆಲಸ ಅದು. ಪರಿಣತ ಖರೀದಿದಾರ ಮೊದಲು ಹುಡುಕುವುದು ಆ ಮೊದಲ ಸೀಲನ್ನೇ. ಅದು ಇಲ್ಲದಿದ್ದರೆ, ಮೊದಲ ಮಾಲೀಕ ಕಾರನ್ನು ಯಾವ ಮನಸ್ಸಿನಿಂದ ಕೊಂಡಿದ್ದ ಎಂಬ ಸಂಶಯ ಶುರುವಾಗುತ್ತದೆ. ಇದೇ ಕಾಲದ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಹಸಿರು, ಹಳದಿ, ಕೆಂಪು ಪುಟ್ಟ ದೀಪಗಳ ಒಂದು ಸಾಲೂ ಇತ್ತು. ಓಡಿದ ದೂರವನ್ನಷ್ಟೇ ಅಲ್ಲ, ಎಂಜಿನ್ ಎಷ್ಟು ಸುತ್ತಿತು, ಎಷ್ಟು ಕಾದಿತು ಎಂಬುದನ್ನೂ ಗಣಿಸಿ, ಒಂದೊಂದೇ ಹಸಿರು ದೀಪ ಆರುತ್ತಾ ಸರ್ವೀಸಿನ ದಿನ ಹತ್ತಿರ ಬಂತೆಂದು ಹೇಳುತ್ತಿತ್ತು. ಜೋರಾಗಿ ಓಡಿಸಿದವನಿಗೆ ದೀಪ ಬೇಗ ಆರುತ್ತಿತ್ತು. ಬುದ್ಧಿವಂತ ಏರ್ಪಾಡು, ನಿಜ. ಆದರೆ ಒಂದು ಚಿಕ್ಕ ಸಾಧನ ಚುಚ್ಚಿ, ಆಯಿಲ್ ಬದಲಿಸದೆಯೇ ದೀಪಗಳನ್ನು ಮತ್ತೆ ಹಸಿರು ಮಾಡಬಹುದಿತ್ತು. ಒಳಗಿನ ಬ್ಯಾಟರಿ ಸತ್ತರೆ ಲೆಕ್ಕವೇ ತಪ್ಪುತ್ತಿತ್ತು. ಯಂತ್ರದ ನೆನಪು ಸಾಕ್ಷಿಯಾಗಲಿಲ್ಲ. ಸೀಲು ಹೊಡೆದವನ ಹೊಣೆ ಸಾಕ್ಷಿಯಾಯಿತು, ಏಕೆಂದರೆ ಆ ಗ್ಯಾರೇಜಿಗೆ ಒಂದು ವಿಳಾಸವಿತ್ತು, ಕೇಳಿದರೆ ಉತ್ತರಿಸಬೇಕಾದ ಒಬ್ಬ ಮೇಸ್ತ್ರಿಯಿದ್ದ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಜರ್ಮನ್ ಕಾರುಗಳು ಮೂಲತಃ ಗಟ್ಟಿ, ಅದಕ್ಕೇ ಹತ್ತು ಹದಿನೈದು ವರ್ಷದ ಮೇಲೂ ಬೆಲೆ ಉಳಿಸಿಕೊಳ್ಳುತ್ತವೆ, ಕಾಗದ ಬರೀ ಅಲಂಕಾರ ಎಂದು ಹೇಳುವವರಿದ್ದಾರೆ. ಕಾರಿನ ಹುಚ್ಚಿರುವವರಲ್ಲಿ ಈ ಮಾತು ಬಲವಾಗಿದೆ. ಆದರೆ ಇತಿಹಾಸ ಇದನ್ನು ಒಪ್ಪುವುದಿಲ್ಲ. ಈ ಜಾತಿಯ ಸೆಡಾನುಗಳು ಹೊಸದರಲ್ಲಿ ಅತಿ ವೇಗವಾಗಿ ಬೆಲೆ ಕಳೆದುಕೊಂಡವುಗಳ ಸಾಲಿನಲ್ಲೇ ಇವೆ. ಕಾರು ಹಳೆಯದಾದರೂ ದುರಸ್ತಿಯ ಖರ್ಚು ಬೀಳುವುದಿಲ್ಲ ಎಂಬುದೇ ಅದಕ್ಕೆ ಕಾರಣ. 1998ರ ಎಂ5ನಲ್ಲಿ 4.9 ಲೀಟರಿನ, 400 ಅಶ್ವಶಕ್ತಿಯ ವಿ8 ಎಂಜಿನ್ ಇತ್ತು. 2005ರ ಎಂ5ನಲ್ಲಿ 507 ಅಶ್ವಶಕ್ತಿಯ ವಿ10. ಎರಡನೆಯದಕ್ಕೆ ಹೇಳಿದ ಆಯಿಲ್ 10ಡಬ್ಲ್ಯು-60 ದರ್ಜೆಯದು, ಅಂಗಡಿಯಲ್ಲಿ ಕಣ್ಮುಚ್ಚಿ ಕೊಳ್ಳುವ ಆಯಿಲ್ ಅಲ್ಲ. ಅದರ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಸವೆಯುವ ಬಗ್ಗೆ ಮಾಲೀಕರಲ್ಲಿ ಪರಿಚಿತವಾದ ಭಯವಿದೆ. ಸಕಾಲಕ್ಕೆ ಅವನ್ನು ಬದಲಿಸಿ ಬಿಲ್ಲು ಇಟ್ಟುಕೊಂಡ ಕಾರಿಗೂ, ಅದರ ಸುಳಿವೇ ಇಲ್ಲದ ಕಾರಿಗೂ ಅದೇ ವರ್ಷ, ಅದೇ ಬಣ್ಣ, ಅದೇ ಕಿಲೋಮೀಟರ್ ಇದ್ದರೂ ಒಂದೇ ಬೆಲೆ ಯಾರೂ ಕೊಡುವುದಿಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಎರಡು ಕಾರುಗಳ ನಡುವೆ ಹೀಗೆ ಬೆಲೆ ಸೀಳಿಹೋದರೆ, ಅದಕ್ಕೆ ಎಂಜಿನಿಯರಿಂಗ್ ಕಾರಣವಾಗಲಾರದು. ಗಟ್ಟಿತನ ಎರಡಕ್ಕೂ ಸಮಾನವಾಗಿಯೇ ಸಿಕ್ಕಿತ್ತು. ಆಮೇಲೆ ನಡೆದದ್ದರ ದಾಖಲೆ ಒಂದಕ್ಕೆ ಮಾತ್ರ ಸಿಕ್ಕಿತು.

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತ. ಕಾಗದವನ್ನು ಸುಳ್ಳು ಮಾಡಬಹುದಲ್ಲ? ಖಾಲಿ ಸರ್ವೀಸ್ ಪುಸ್ತಕ ಸಿಗುತ್ತದೆ, ರಬ್ಬರ್ ಸ್ಟಾಂಪು ಮಾಡಿಸಬಹುದು, ಮೀಟರ್ ತಿರುಗಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಇದು ಕಲ್ಪನೆಯ ಅಪಾಯವಲ್ಲ. ಜರ್ಮನಿಯಲ್ಲಿ ಮೀಟರ್ ತಿದ್ದುವುದೇ ಸ್ವತಃ ಶಿಕ್ಷಾರ್ಹ ಅಪರಾಧವಾದದ್ದು 2005ರಲ್ಲಿ, ಒಂದು ವರ್ಷದವರೆಗೆ ಸೆರೆಯ ಶಿಕ್ಷೆಯೊಂದಿಗೆ. ಅದಕ್ಕೂ ಮೊದಲು ತಿದ್ದಿದ ಮೀಟರನ್ನು ತೋರಿಸಿ ಮಾರಿದ್ದು ರುಜುವಾತಾದರೆ ಮಾತ್ರ ವಂಚನೆ ಎನ್ನಬಹುದಿತ್ತು. ಗಡಿ ದಾಟುವ ಹಳೆ ಕಾರುಗಳಲ್ಲಿ ಈ ಮೋಸ ಎಷ್ಟು ವ್ಯಾಪಕ ಎಂದರೆ, 2018ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಇದರ ವಿರುದ್ಧವೇ ಒಂದು ನಿರ್ಣಯ ಅಂಗೀಕರಿಸಿತು. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಅದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಬೆಲೆಯಿಲ್ಲದ ಕಾಗದವನ್ನು ನಕಲು ಮಾಡಲು ಯಾರೂ ಕಷ್ಟಪಡುವುದಿಲ್ಲ. ನಕಲಿಗೆ ಪರಿಹಾರವೂ ಸಿಕ್ಕಿದ್ದು ಕಾಗದವನ್ನು ಬಿಟ್ಟಲ್ಲಿ ಅಲ್ಲ, ಇನ್ನಷ್ಟು ಕೈಗಳಲ್ಲಿ ಬರೆಸಿದಲ್ಲಿ. ಬೆಲ್ಜಿಯಂ 2006ರ ಕೊನೆಯಿಂದ ಕಾರ್-ಪಾಸ್ ಎಂಬ ಪದ್ಧತಿ ತಂದಿತು. ಟೈರ್ ಬದಲಿಸಿದವನಿಂದ ಹಿಡಿದು ಸರ್ವೀಸ್ ಮಾಡಿದವನವರೆಗೆ, ಕಾರು ಮುಟ್ಟಿದ ಪ್ರತಿ ಗ್ಯಾರೇಜೂ ಆ ದಿನದ ಕಿಲೋಮೀಟರನ್ನು ಒಂದು ಕೇಂದ್ರಕ್ಕೆ ತಿಳಿಸಬೇಕು. ಮಾರುವಾಗ ಆ ಪಟ್ಟಿಯನ್ನು ಕೊಳ್ಳುವವನ ಕೈಗೆ ಕೊಡಲೇಬೇಕು. ಆ ದೇಶದೊಳಗಿನ ಮಾರಾಟದಲ್ಲಿ ಮೀಟರ್ ಮೋಸ ಹೆಚ್ಚುಕಡಿಮೆ ಅಳಿದುಹೋಯಿತು. ಜರ್ಮನಿ ಅಂಥ ಕೇಂದ್ರ ದಾಖಲೆಯನ್ನು ಕಟ್ಟಲಿಲ್ಲ. ಅಷ್ಟು ಶಿಸ್ತಿನ ಪರೀಕ್ಷಾ ವ್ಯವಸ್ಥೆ ಇರುವ ದೇಶ ಇದನ್ನು ಮಾಡದೆ ಬಿಟ್ಟದ್ದು ದೊಡ್ಡ ಲೋಪ ಎಂದೇ ನಾನು ಭಾವಿಸುತ್ತೇನೆ. ಅದರ ಭಾರವನ್ನು ಇಂದಿಗೂ ಹೊರುತ್ತಿರುವವರು ಖಾಸಗಿ ಖರೀದಿದಾರರು.

ಆ ಭಾರ ಖಾಸಗಿಯವರ ಮೇಲೆ ಬಿದ್ದುದಕ್ಕೆ ಕಾನೂನಿನದೇ ಒಂದು ಕಥೆಯಿದೆ. ಜರ್ಮನಿಯಲ್ಲಿ 2002ಕ್ಕಿಂತ ಮೊದಲು ಹಳೆ ಕಾರಿನ ವ್ಯಾಪಾರಿ, ಇದ್ದ ಹಾಗೆ ನೋಡಿ ಕೊಂಡದ್ದು ಎಂದು ಕರಾರಿನಲ್ಲಿ ಬರೆಸಿ ಕೈ ತೊಳೆದುಕೊಳ್ಳಬಹುದಿತ್ತು. 2002ರ ಜನವರಿ 1ರಿಂದ ಜಾರಿಗೆ ಬಂದ ಸುಧಾರಣೆ ಆ ದಾರಿಯನ್ನು ಮುಚ್ಚಿತು. ಸಾಮಾನ್ಯ ಗ್ರಾಹಕನಿಗೆ ಮಾರುವ ವ್ಯಾಪಾರಿ ಹಳೆ ಕಾರಿಗೂ ಕನಿಷ್ಠ ಒಂದು ವರ್ಷ ಹೊಣೆಗಾರ. ಕಾನೂನು ನ್ಯಾಯವಾದದ್ದೇ. ಆದರೆ ಹದಿನೈದು ವರ್ಷದ 400 ಅಶ್ವಶಕ್ತಿಯ ಎಂಜಿನ್ನಿಗೆ ಹೊಣೆ ಹೊರಲು ಯಾವ ವ್ಯಾಪಾರಿ ಧೈರ್ಯ ಮಾಡುತ್ತಾನೆ? ವ್ಯಾಪಾರಿಗಳಿಗೆ ಮತ್ತು ರಫ್ತಿಗೆ ಮಾತ್ರ ಎಂಬ ಜಾಹೀರಾತುಗಳು ಹೆಚ್ಚಿದವು. ಇಂಥ ಕಾರುಗಳು ಮಾಲೀಕನಿಂದ ಮಾಲೀಕನಿಗೆ ನೇರವಾಗಿ ಹೋಗುವುದು ಬಲಗೊಂಡಿತು. ಖಾಸಗಿ ಮಾರಾಟದಲ್ಲಿ ಹೊಣೆಯನ್ನು ಕರಾರಿನಿಂದ ತೆಗೆಯಬಹುದು, ಆದರೆ ಗೊತ್ತಿದ್ದ ದೋಷವನ್ನು ಬಚ್ಚಿಟ್ಟರೆ ಆ ರಕ್ಷಣೆ ನಿಲ್ಲುವುದಿಲ್ಲ. ಹೀಗಾಗಿ ಮಾರುವವನ ಮೇಜಿನ ಮೇಲೆ ಒಂದು ದಪ್ಪ ಫೈಲು ಬರಲಾರಂಭಿಸಿತು: ಸರ್ವೀಸ್ ಪುಸ್ತಕ, ಪ್ರತಿ ಬಿಡಿಭಾಗದ ಬಿಲ್ಲು, ಹಿಂದಿನ ಟ್ಯೂಫ್ ವರದಿಗಳು, ಎರಡೂ ಕೀಲಿಗಳು, ಹಳೆಯ ಕರಾರುಪತ್ರಗಳು. ಟ್ಯೂಫ್ ವರದಿಗಳಲ್ಲಿ ಆಯಾ ದಿನದ ಕಿಲೋಮೀಟರ್ ಇರುವುದರಿಂದ, ಅವನ್ನು ಸಾಲಾಗಿ ಜೋಡಿಸಿದರೆ ಪುಸ್ತಕದ ಸೀಲುಗಳು ನಿಜವೋ ಅಲ್ಲವೋ ಎಂಬುದು ತಾನಾಗಿ ಬಯಲಾಗುತ್ತದೆ. ಕೊಳ್ಳುವವನು ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಬಾಗಿಲಿಂದ ಬಾಗಿಲಿಗೆ ಇಟ್ಟು ನೋಡುತ್ತಾನೆ. ಒಂದು ಕಡೆ ಅಂಕಿ ದುಪ್ಪಟ್ಟಾದರೆ ಅಲ್ಲಿ ಮರುಪೇಂಟ್ ಆಗಿದೆ, ಆ ರಿಪೇರಿಯ ಬಿಲ್ಲು ಫೈಲಿನಲ್ಲಿ ಇರಬೇಕು. ಬಿಲ್ಲು ಸಿಕ್ಕರೆ ಮಾತು ಮುಂದುವರಿಯುತ್ತದೆ, ಸಿಗದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಚೆನ್ನಾಗಿ ಇಟ್ಟುಕೊಂಡ ಕಾರು ಎನ್ನುವಾಗ ಮಾಲೀಕ ಈ ಪರೀಕ್ಷೆಗೆ ಸಿದ್ಧನಿರಬೇಕಾಗುತ್ತದೆ.

ಯಾರ ಸೀಲಿಗೆ ಬೆಲೆ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಬಾರದು. ಬಹುಕಾಲ ಕಂಪನಿಯ ಅಧಿಕೃತ ಗ್ಯಾರೇಜಿನ ಸೀಲಷ್ಟೇ ಸೀಲು ಎಂಬ ಭಾವನೆ ಇತ್ತು. ಯುರೋಪಿಯನ್ ಒಕ್ಕೂಟ 2002ರಲ್ಲಿ ತಂದ ನಿಯಮಗಳು ಸ್ವತಂತ್ರ ಗ್ಯಾರೇಜುಗಳಿಗೆ ತಾಂತ್ರಿಕ ಮಾಹಿತಿ, ಬಿಡಿಭಾಗ ಎರಡೂ ಸಿಗುವಂತೆ ದಾರಿ ಮಾಡಿದವು. ಹಾಗಿದ್ದರೂ ಕೊಳ್ಳುವವರ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ನನ್ನ ಮಟ್ಟಿಗೆ, ಇಪ್ಪತ್ತು ವರ್ಷ ಅದೊಂದೇ ಜಾತಿಯ ಎಂಜಿನ್ ಬಿಚ್ಚಿದ ಸಣ್ಣ ಗ್ಯಾರೇಜಿನವನ ಸೀಲು, ಜೊತೆಗೆ ಹಾಕಿದ ಪ್ರತಿ ಭಾಗದ ನಂಬರಿರುವ ಬಿಲ್ಲು, ದೊಡ್ಡ ಶೋರೂಮಿನ ಸೀಲಿಗಿಂತ ಒಂದು ತೂಕ ಹೆಚ್ಚೇ. ಹಳೆ ಎಂ5 ವಿಷಯದಲ್ಲಿ ಬಲ್ಲವರು ಇದನ್ನು ಈಗ ಒಪ್ಪುತ್ತಾರೆ.

ಇದೇ ಕಾರುಗಳು ಭಾರತಕ್ಕೆ ಬಂದಾಗ ಕಾಗದದ ವ್ಯವಸ್ಥೆ ಅವುಗಳ ಜೊತೆ ಬರಲಿಲ್ಲ. ಮರ್ಸಿಡಿಸ್ 1990ರ ದಶಕದ ನಡುವಿನಿಂದ ಪುಣೆಯಲ್ಲಿ, ಬಿಎಂಡಬ್ಲ್ಯು 2007ರಿಂದ ಚೆನ್ನೈನಲ್ಲಿ ಕಾರು ಜೋಡಿಸುತ್ತಿವೆ. ಬೆಂಗಳೂರಿನಲ್ಲಿ ಹಳೆಯ ಜರ್ಮನ್ ಸೆಡಾನ್ ಮಾರುವವನು ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ ಆರ್‌ಸಿ ವರ್ಗಾಯಿಸುತ್ತಾನೆ. ಬೇರೆ ರಾಜ್ಯದ ಕಾರಾದರೆ ಎನ್‌ಒಸಿ, ಮತ್ತೆ ಇಲ್ಲಿನ ಆಜೀವ ತೆರಿಗೆ. ಇವೆಲ್ಲ ಮಾಲೀಕತ್ವದ ಕಾಗದಗಳು, ಕಾರಿನ ಆರೋಗ್ಯದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಖಾಸಗಿ ಕಾರಿಗೆ ನೋಂದಣಿಯಾದ ಮೇಲೆ ಹದಿನೈದು ವರ್ಷ ತುಂಬುವವರೆಗೆ ಫಿಟ್‌ನೆಸ್ ಪರೀಕ್ಷೆಯಿಲ್ಲ, ನಡುವೆ ಇರುವುದು ಹೊಗೆ ತಪಾಸಣೆ ಮಾತ್ರ. ಹಳೆ ವಾಹನದ ವ್ಯಾಪಾರಿಗಳಿಗೆ ಅಧಿಕೃತ ಮಾನ್ಯತೆ ಕೊಡುವ ಕೇಂದ್ರ ಸರ್ಕಾರದ ನಿಯಮ ಬಂದದ್ದೂ 2022ರ ಡಿಸೆಂಬರಿನಲ್ಲಿ. ಹಾಗಾಗಿ ಇಲ್ಲಿ ಅಧಿಕೃತ ಸರ್ವೀಸ್ ಸೆಂಟರಿನ ಹಿಸ್ಟರಿ ಒಂದೇ ಎಲ್ಲ ಭಾರ ಹೊರುತ್ತದೆ. ವಾರಂಟಿ ಮುಗಿದ ಮೇಲೆ ಮಾಲೀಕ ಹೊರಗಿನ ಗ್ಯಾರೇಜಿಗೆ ಹೋದ ದಿನದಿಂದ ಆ ಹಿಸ್ಟರಿ ಖಾಲಿ. ಒಳ್ಳೆಯ ಕೆಲಸ ಮಾಡಿಸಿದವನಿಗೂ ಮಾಡಿಸದವನಿಗೂ ಒಂದೇ ಬೆಲೆ ಸಿಗುವುದು ಇಂಥಲ್ಲಿ. ಅಕರ್ಲಾಫ್ ಹೇಳಿದ ಸಂತೆ ಇದೇ.

ಜರ್ಮನಿಯಲ್ಲೂ ಈಗ ಆ ಪುಸ್ತಕ ಮರೆಯಾಗುತ್ತಿದೆ. ಹೊಸ ತಲೆಮಾರಿನ ಕಾರುಗಳ ಸರ್ವೀಸ್ ವಿವರ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಗ್ಲೋವ್ ಬಾಕ್ಸಿನಲ್ಲಿ ಅಲ್ಲ. ನಕಲು ಸೀಲಿನ ಕಾಟ ಇದರಿಂದ ತಗ್ಗುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಹಿಂದೆ ಕಾರಿನ ಜೊತೆ ಹೊಸ ಮಾಲೀಕನ ಕೈಗೆ ತಾನಾಗಿ ಹೋಗುತ್ತಿದ್ದ ದಾಖಲೆಯನ್ನು ಈಗ ಕೇಳಿ ಪಡೆಯಬೇಕು. ಸಣ್ಣ ಗ್ಯಾರೇಜಿನವನು ತನ್ನ ಕೆಲಸವನ್ನು ಅಲ್ಲಿ ದಾಖಲಿಸಲು ಕಂಪನಿಯ ವ್ಯವಸ್ಥೆಗೆ ಪ್ರವೇಶ ಪಡೆಯಬೇಕು. ಅದಕ್ಕೇ ಇಂದು ಇಂಥ ಕಾರು ಮಾರಲು ಹೊರಟ ಎಚ್ಚರದ ಮಾಲೀಕರು ಮೊದಲು ಸರ್ವೀಸ್ ಸೆಂಟರಿಗೆ ಹೋಗಿ ಪೂರ್ತಿ ವಿವರವನ್ನು ಮುದ್ರಿಸಿಕೊಂಡು, ಪ್ರತಿ ಹಾಳೆಗೂ ಅಲ್ಲಿನವರ ಸೀಲು ಹಾಕಿಸಿ, ಬಿಲ್ಲುಗಳ ಜೊತೆ ಫೈಲಿಗೆ ಸೇರಿಸುತ್ತಾರೆ. ಜಾಹೀರಾತು ಕೊಡುವುದು ಆಮೇಲೆ.